ಗಂಜಲ ಬಿದ್ದ ಧಾರೆ ಸೀರೆ

ಇವತ್ತಿಗೂ ನೆನಪಾದರೆ ಮೈ ಉರಿಯುತ್ತದೆ. ತೊಂಬತ್ತರ ದಶಕದ ಮೊದಲ ವರ್ಷಗಳು. ತೊಣ್ಣೂರಿನ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ನನ್ನ ಮದುವೆ ಗೊತ್ತಾದಾಗ ಅಪ್ಪ ಹಟ ಹಿಡಿದರು: ಧಾರೆ ಸೀರೆ ನಮ್ಮದೇ ಗೂಡಿನ ನೂಲಿನದ್ದಾಗಬೇಕು. ಶ್ರೀರಂಗಪಟ್ಟಣದ ಸಾಬರ ಬೀದಿಯಲ್ಲಿ ತಲೆತಲಾಂತರದಿಂದ ಗೂಡು ಬೇಯಿಸಿ ನೂಲು ತೆಗೆಯುವವರಿದ್ದರು, ನೇಯುವವರೂ ಇದ್ದರು. ಅಪ್ಪನ ಪರಿಚಯದ ಒಬ್ಬ ಮುದುಕರು ಒಪ್ಪಿಕೊಂಡರು.

ನಾನೂ ದೊಡ್ಡವ್ವನೂ ಒಮ್ಮೆ ನೋಡಲು ಹೋಗಿದ್ದೆವು. ದೊಡ್ಡವ್ವ ಎಂದರೆ ಅಪ್ಪನ ಅತ್ತಿಗೆ, ಮನೆಯಲ್ಲಿ ಅವಳದ್ದೇ ದರ್ಬಾರು. ಒಂದು ಎಳೆ ತುಂಡಾದರೂ ಮುದುಕರು ಮಗ್ಗ ನಿಲ್ಲಿಸಿ, ನಾಲಿಗೆಗೆ ಬೆರಳು ತಾಗಿಸಿ, ಒದ್ದೆ ಬೆರಳಲ್ಲಿ ಹೊಸೆದು ಗಂಟು ಹಾಕುತ್ತಿದ್ದರು. ದೊಡ್ಡವ್ವ ಅದನ್ನೇ ನೋಡುತ್ತಿದ್ದಳು.

ಸೀರೆ ಮನೆಗೆ ಬಂದ ದಿನವೇ ಅವಳು ಕೊಟ್ಟಿಗೆಯಿಂದ ಗಂಜಲ ತಂದು ಅದರ ಮೇಲೆಲ್ಲ ಚಿಮುಕಿಸಿದಳು.

"ಸಾಬ್ರ ಎಂಜ್ಲು ತಗ್ಲದೆ ಕಣೆ. ಧಾರೆ ಒತ್ಗೆ ಮಡಿ ಬ್ಯಾಡ್ವಾ?"

ರೇಷ್ಮೆ ಎನ್ನುವುದೇ ಹುಳದ ಎಂಜಲು! ಹುಳದ್ದು ಮಡಿಯಂತೆ, ಮನುಷ್ಯನದ್ದು ಮೈಲಿಗೆಯಂತೆ. ಬೆಳಗಾಗುವಷ್ಟರಲ್ಲಿ ಕೆಂಪು ಸೀರೆಯ ತುಂಬ ಕಾಸಗಲದ ಕಲೆಗಳು. ದೊಡ್ಡವ್ವ ಒಂದಿಷ್ಟೂ ನಾಚದೆ ಆ ಸೀರೆ ಮಡಿಚಿಕೊಂಡು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು.

"ಬಣ್ಣ ಬುಟ್ಟದೆ ನೋಡು! ಮೋಸ ಮಾಡಕೆ ನಮ್ಮನೇನೇ ಬೇಕಾಗಿತ್ತಾ?" ಎಂದು ಬೀದಿಯಲ್ಲೇ ಕೂಗಾಡಿದಳು. ಅಕ್ಕಪಕ್ಕದ ಮಗ್ಗಗಳ ಸದ್ದು ನಿಂತಿತು. ಮುದುಕರು ಸೀರೆ ಬಿಡಿಸಿ, ಕಲೆಯನ್ನು ಮೂಗಿನ ಹತ್ತಿರ ತಂದು ಮೂಸಿದರು. ಅವರಿಗೆ ಗೊತ್ತಾಗಿಹೋಯಿತು.

"ತಾತ, ಅದು ಬಣ್ಣ ಅಲ್ಲ, ದೊಡ್ಡವ್ವನೇ..." ಎಂದು ಬಾಯಿ ತೆರೆದೆ.

"ಸುಮ್ನಿರು ಬೇಟಿ," ಎಂದು ತಡೆದರು. ಎಲ್ಲೆಲ್ಲಿಂದಲೋ ಗಲಭೆಯ ಸುದ್ದಿ ಬರುತ್ತಿದ್ದ ದಿನಗಳವು. ಮನೆ ಬಾಗಿಲಿಗೆ ಜಗಳ ಬರುವುದು ಅವರಿಗೆ ಬೇಕಿರಲಿಲ್ಲ. ದೊಡ್ಡವ್ವನಿಗೆ ಕೈ ಮುಗಿದು, "ತಪ್ಪು ನಮ್ದೇ ಅಮ್ಮಾ. ಬಣ್ಣ ಸರಿಯಾಗಿ ಕೂತಿಲ್ಲ. ಬೇರೆ ನೇದು ಕೊಡ್ತೀನಿ," ಎಂದರು. ಜೀವಮಾನವಿಡೀ ಮಗ್ಗದ ಮುಂದೆ ಸವೆದ ಕೈಗಳು ಯಾರಿಗೆ ಮುಗಿದವು ನೋಡಿ! ನನಗೆ ಅವರ ಮೇಲೂ ಸಿಟ್ಟು ಬಂತು.

ಬಸ್ಸಿನಲ್ಲಿ ದೊಡ್ಡವ್ವ, "ನೋಡ್ದಾ? ಅವ್ನೇ ಒಪ್ಕಂಡ," ಎಂದಳು.

ಮದುವೆಗೆ ಬಂದವರಿಗೆಲ್ಲ ಅದನ್ನೇ ಹೇಳಿದಳು. ಆ ಸಾಬಿ ಕಳ್ಳ, ಬಣ್ಣದಲ್ಲಿ ಮೋಸ ಮಾಡ್ತಾನೆ, ಯಾರೂ ಅವನ ಹತ್ತಿರ ಸೀರೆ ನೇಯಿಸಬೇಡಿ ಎಂದು. ನಮ್ಮೂರಿನವರು ಆಮೇಲೆ ಆ ಮಗ್ಗದ ಕಡೆ ತಲೆ ಹಾಕಲಿಲ್ಲ. ಅವಳು ಹಾಗೆ ಹೇಳುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ, ಆ ಮುದುಕರು ಹಗಲಿರುಳು ಕೂತು ನೇಯ್ದು ಕೊಟ್ಟ ಎರಡನೆಯ ಸೀರೆ ಉಟ್ಟುಕೊಂಡು. ಅವತ್ತು ಸುಮ್ಮನಿರು ಎಂದು ನನಗೆ ಯಾರೂ ಹೇಳಿರಲಿಲ್ಲ.