ಬದುವಿಗೆ ಹಚ್ಚಿದ ಬೆಂಕಿ

ಐ.ಡಿ.ಹಳ್ಳಿ ಪಕ್ಕದ ನಮ್ಮ ಹೊಲದ ಬದುವಿಗೆ ಬೆಂಕಿ ಇಟ್ಟವನು ನಾನು. ಕುರಿ ಕಾಯುವ ಮುದ್ದಣ್ಣನಲ್ಲ. ಏಳು ವರ್ಷದಿಂದ ಊರು ನಂಬಿಕೊಂಡಿರುವುದು ನನ್ನ ಸುಳ್ಳನ್ನು.

ಆಳೆತ್ತರ ಪೊದೆ ಬೆಳೆದಿದ್ದ ಅಗಲವಾದ ಬದು ಅದು. ಸವರಿದರೆ ಕಡಲೆಕಾಯಿಗೆ ಇನ್ನೂ ನಾಲ್ಕು ಸಾಲು ಸಿಗುತ್ತದೆಂಬ ಆಸೆ ನನಗೆ — ಬರೀ ನಾಲ್ಕು ಸಾಲು! ಹಿಂದಿನ ದಿನವಷ್ಟೇ ಮುದ್ದಣ್ಣ ನನ್ನನ್ನು ಕರೆದು, ಕೋಲಿನಿಂದ ಹುಲ್ಲು ಸರಿಸಿ ತೋರಿಸಿದ್ದ. ಗೌಜಲ ಹಕ್ಕಿಯ ಆರು ಮೊಟ್ಟೆ.

"ಅಣ್ಣಾ, ಮರಿ ಆಗೋಗಂಟ ಬುಡು. ಆಮೇಲೆ ನಾನೇ ಬಂದು ಸವರಿಕೊಡ್ತೀನಿ."

"ಆಯ್ತು ಕಣ್ಲಾ," ಎಂದೆ.

ಮರುದಿನ ಮಧ್ಯಾಹ್ನ ಅವನು ಕುರಿಗಳನ್ನು ಕೆರೆಯತ್ತ ಹೊಡೆದುಕೊಂಡು ಹೋದದ್ದನ್ನು ನೋಡಿಯೇ ಕಡ್ಡಿ ಗೀರಿದೆ. ಗಾಳಿ ಎದ್ದಿತು. ಬೆಂಕಿ ಪಕ್ಕದ ಹೊಲದ ರಂಗಮ್ಮನ ಹುಲ್ಲಿನ ಬಣವೆಗೂ ಹತ್ತಿತು. ಊರವರು ಓಡಿ ಬಂದಾಗ ನನ್ನ ಬಾಯಿಂದ ಬಂದ ಮಾತು — "ಮುದ್ದಣ್ಣನ ಬೀಡಿ ಇರ್ಬೇಕು."

ಅವನ ಕುರಿ ಯಾರ ಹೊಲಕ್ಕೂ ಇಳಿಯಕೂಡದೆಂದು ಊರು ತೀರ್ಮಾನಿಸಿತು. ಅವನು ಮಂದೆ ಹೊಡೆದುಕೊಂಡು ತೋವಿನಕೆರೆ ಕಡೆ ಹೋಗಿಬಿಟ್ಟ.

ಬೂದಿಯಲ್ಲಿ ಹೆಣ್ಣು ಗೌಜಲು ಮೊಟ್ಟೆಗಳ ಮೇಲೇ ಕೂತು ಸುಟ್ಟುಹೋಗಿತ್ತು. ಎದ್ದು ಹಾರಬಹುದಿತ್ತು... ನಾನು ಚಪ್ಪಲಿಕಾಲಿನಿಂದ ಮಣ್ಣೆಳೆದು ಮುಚ್ಚಿದೆ — ಮರುಕದಿಂದಲ್ಲ, ಯಾರಾದರೂ ನೋಡಿಯಾರೆಂದು. ಥೂ, ಎಂಥ ಹೇಸಿಗೆ ಮನುಷ್ಯ!

ನನ್ನನ್ನು ನೋಡಿ ಉಳಿದವರೂ ಬದು ಸವರಿದರು. ಪೊದೆ ಹೋದ ಮೇಲೆ ಗೌಜಲಷ್ಟೇ ಅಲ್ಲ, ಆ ಪೊದೆಗಳ ಮೇಲೆ ಕೂತು ಪೈರಿನ ಹುಳ ಹೆಕ್ಕುತ್ತಿದ್ದ ಕಾಜಾಣಗಳೂ ಕಾಣೆಯಾದವು. ಕಂಬಳಿಹುಳ ಮಾತ್ರ ಉಳಿದವು. ನಾಲ್ಕು ಸಾಲು ಗಳಿಸಿದವನು ಈಗ ಬೆನ್ನಿಗೆ ಔಷಧಿ ಡಬ್ಬ ಕಟ್ಟಿಕೊಂಡು ಹೊಲವೆಲ್ಲ ವಿಷ ಉಗುಳುತ್ತಾ ತಿರುಗುತ್ತೇನೆ.

ಹೋದ ವಾರ ತೋವಿನಕೆರೆಯಲ್ಲಿ ಮುದ್ದಣ್ಣನನ್ನು ಹುಡುಕಿ ಎಲ್ಲ ಹೇಳಿದೆ. ಅವನು ಕುರಿಯೊಂದರ ಗೊರಸು ನೋಡುತ್ತಲೇ ಕೇಳಿಸಿಕೊಂಡ.

"ನಾನು ಬೀಡಿ ಬುಟ್ಟು ಆಗ್ಲೇ ವರ್ಷ ಆಗಿತ್ತು ಕಣಣ್ಣ. ಒಬ್ರೂ ಕೇಳ್ಲಿಲ್ಲ." ಕುರಿಯ ಕಾಲು ಕೆಳಗಿಳಿಸಿ, "ನಂಗೊತ್ತಿರೋದ್ನ ನಂಗ್ಯಾಕೆ ಹೇಳ್ತೀಯ? ಊರೋರ್ಗೆ ಹೇಳು," ಎಂದ.

ಬಂದು ಎಂಟು ದಿನವಾಯಿತು. ದಿನವೂ ಅರಳಿಕಟ್ಟೆಯಲ್ಲಿ "ಬಾರಪ್ಪ, ಕೂತ್ಕೊ" ಎನ್ನುತ್ತಾರೆ — ಕೂರುತ್ತೇನೆ, ಟೀ ಕುಡಿಯುತ್ತೇನೆ, ಎದ್ದು ಬರುತ್ತೇನೆ. ನನ್ನ ನಾಲಿಗೆಯನ್ನು ನಾನೇ ನಂಬಲಾರೆ. ಅದಕ್ಕೇ ಬರೆದಿದ್ದೇನೆ. ನಾಳೆ ಆ ಕಟ್ಟೆಯ ಮುಂದೆ ನಿಂತು ಇದನ್ನು ಓದುತ್ತೇನೆ. ರಂಗಮ್ಮನನ್ನೂ ಕರೆಯುತ್ತೇನೆ.