ಪೆನಾಂಗಿನ ಲಕ್ಸಾ ಮತ್ತು ಮಗಳ ಬಯಕೆ

ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಲ್ಲಿ ಕನ್ನಡದವರು ಎಲ್ಲಿ ಸೇರಿದರೂ ಊಟದ ಹೊತ್ತಿಗೆ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತದೆ. ಇದಕ್ಕೆ ನನ್ನ ಬಾಯಿಯೇ ಕಾರಣ. ಒಬ್ಬರು ದಾವಣಗೆರೆಯ ಬೆಣ್ಣೆ ದೋಸೆ ನೆನೆದು ನಿಟ್ಟುಸಿರು ಬಿಡುತ್ತಾರೆ, ಇನ್ನೊಬ್ಬರು ಮೈಸೂರಿನ ಯಾವುದೋ ಗಲ್ಲಿಯ ಚುರುಮುರಿಗಾಗಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ನಾನು ಗಂಟಲು ಸರಿಮಾಡಿಕೊಂಡು, "ಅದೆಲ್ಲ ಸರಿ, ಪೆನಾಂಗಲ್ಲಿ ಲಕ್ಸಾ ತಿಂದಿದ್ದೀರಾ?" ಎನ್ನುತ್ತೇನೆ. ತಿಂದಿರುವುದಿಲ್ಲ. ತಿನ್ನಬೇಕೆಂಬ ಆಸೆ ಯಾರಿಗಾದರೂ ಇದ್ದಿದ್ದರೆ ಅದನ್ನೂ ನಾನೇ ಇಷ್ಟು ವರ್ಷ ಹೇಳಿ ಹೇಳಿ ಸಾಯಿಸಿದ್ದೇನೆ. ಮಂಡ್ಯದಲ್ಲಿ ಹುಟ್ಟಿ ಮುದ್ದೆ ನುಂಗಿ ಬೆಳೆದವನು ಮಲೇಷ್ಯಾದ ಬೀದಿ ತಿಂಡಿಗೆ ಹೀಗೆ ಹಂಬಲಿಸುವುದು ಒಂದು ಥರದ ದ್ರೋಹ ಎಂದು ಇಲ್ಲಿನ ಆಂಟಿಯೊಬ್ಬರು ಮುಖಕ್ಕೇ ಹೇಳಿದ್ದರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಇಲ್ಲಿಗೆ ಬರುವ ಮೊದಲು ನಾವು ಪೆನಾಂಗಿನಲ್ಲಿದ್ದೆವು. ನಾನು ಅಲ್ಲಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಒಬ್ಬಳೇ ಮಗಳು ಹುಟ್ಟಿದ್ದೂ ಅಲ್ಲಿಯೇ. ಹೆಂಡತಿ ಈಗಲೂ ನರ್ಸ್, ಇಲ್ಲಿನ ಆಸ್ಪತ್ರೆಯಲ್ಲಿ. ನಾನು ಮಾತ್ರ ಹಸುಗಳ ಮಟ್ಟಕ್ಕೆ ಇಳಿದಿದ್ದೇನೆ. ಅವುಗಳ ಕೊರಳಿಗೆ ಕಟ್ಟಿ, ಎಷ್ಟು ಹೊತ್ತು ಮೆಲುಕು ಹಾಕಿದವು ಎಂದು ಅಳೆಯುವ ಒಂದು ಪಟ್ಟಿಯಿದೆ. ಅದರ ಸರ್ಕ್ಯೂಟು ನನ್ನ ಕೆಲಸ. ಅದನ್ನೊಂದು ಸಲ ನಿಮ್ಮ ಕೊರಳಿಗೇ ಕಟ್ಟಿಕೊಳ್ಳಿ ಎಂದು ಹೆಂಡತಿ ಹೇಳಿದ್ದುಂಟು.

ಪೆನಾಂಗಿನ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಸಂಜೆಯಾದರೆ ಗಾಡಿಗಳು ಬಂದು ನಿಲ್ಲುತ್ತಿದ್ದವು. ಮೊದಲ ಗಾಡಿ ಒಬ್ಬ ಚೀನೀ ಅಂಕಲ್‌ನದು. ಕಬ್ಬಿಣದ ಬಾಣಲೆಯ ಅಂಚಿನಿಂದ ಬೆಂಕಿ ಒಳಗೆ ನುಗ್ಗುವಷ್ಟು ಉರಿ ಮಾಡಿ, ಅಗಲವಾದ ಅಕ್ಕಿ ನೂಡಲ್ಸನ್ನು ಮೊಟ್ಟೆ, ಸೀಗಡಿ, ಮೊಳಕೆಕಾಳಿನ ಜೊತೆ ಹುರಿದು ಬಾಳೆಲೆಯ ತುಂಡಿನ ಮೇಲೆ ಸುರಿಯುತ್ತಿದ್ದ. ಆಚೆ ಬದಿಗೆ ತಲೆಗೆ ಬಟ್ಟೆ ಕಟ್ಟಿಕೊಂಡ ಮಲಯ್ ಹೆಂಗಸು, ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನಕ್ಕೆ ಮೆಣಸಿನಕಾಯಿ ಗೊಜ್ಜು ಹಾಕಿ ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ಚರಂಡಿಯ ಪಕ್ಕ, ಮರದ ಕೆಳಗೆ, ನನ್ನ ಲಕ್ಸಾ ಆಂಟಿ. ನಮ್ಮ ಒತ್ತುಶಾವಿಗೆಯನ್ನು ಇನ್ನಷ್ಟು ದಪ್ಪಗೆ ಒತ್ತಿ, ಅದರ ಮೇಲೆ ಬಂಗುಡೆ ಮೀನಿನ ಹುಣಸೆಹುಳಿ ಸಾರು ಸುರಿದು, ಈರುಳ್ಳಿ, ಸೌತೆಕಾಯಿ, ಅನಾನಸು, ಪುದೀನ ಉದುರಿಸಿ, ಕೊನೆಗೆ ಒಂದು ಚಮಚ ಕಪ್ಪನೆಯ ಸೀಗಡಿ ಪಾಕ ಬಿಟ್ಟರೆ ಅದೇ ಲಕ್ಸಾ. ಖಾರಕ್ಕೆ ತಲೆಯ ಕೂದಲು ನಿಲ್ಲುತ್ತಿತ್ತು. ಆಂಟಿ ನನ್ನ ಮುಂದೆ ಲಕ್ಸಾ ಇಟ್ಟು, ಕೇಳದೆಯೇ ಪಕ್ಕದಲ್ಲಿ ಒಂದು ಬಟ್ಟಲು ಬೆಚ್ಚನೆ ನೀರನ್ನೂ ಇಡುತ್ತಿದ್ದಳು. ಕೈ ತೊಳೆಯುವುದಕ್ಕೆ ಬೆಚ್ಚನೆ ನೀರು! ಇಂಥ ಉಪಚಾರ ನಿಮ್ಮ ಯಾವ ದರ್ಶಿನಿಯಲ್ಲಿದೆ ಹೇಳಿ ಎಂದು ನಾನು ಇಲ್ಲಿನವರನ್ನು ಸವಾಲು ಹಾಕಿ ಕೇಳುತ್ತಿದ್ದೆ.

ನನ್ನ ಕಥೆಯ ತುತ್ತತುದಿ ಮಗಳದು. "ನಾಲ್ಕು ವರ್ಷದ ಮಗು ಕಣ್ರೀ, ಆ ಖಾರದ ಲಕ್ಸಾನ ಬಟ್ಟಲು ತುಂಬ ತಿಂದುಬಿಡೋಳು. ಅಲ್ಲಿಯವರೇ ಬೆರಗಾಗಿ ನೋಡೋರು," ಎಂದು ಹೇಳುವಾಗ ನನ್ನ ಎದೆ ಉಬ್ಬುತ್ತಿತ್ತು. ಮಗಳು ಆ ಹೊತ್ತಿಗೆ ಸರಿಯಾಗಿ ಫೋನು ನೋಡತೊಡಗುತ್ತಿದ್ದಳು. ಇಷ್ಟೆಲ್ಲ ಹೇಳುವವನು ಒಂದು ಸಲವೂ ಮನೆಯಲ್ಲಿ ಲಕ್ಸಾ ಮಾಡಿರಲಿಲ್ಲ. ಈ ನೆಲದಲ್ಲಿ ಆ ರುಚಿ ಬರುವುದಿಲ್ಲ ಎಂದು ಘೋಷಿಸಿ, ಅಡುಗೆಯ ಕಷ್ಟದಿಂದ ತಪ್ಪಿಸಿಕೊಂಡು, ಮರ್ಯಾದೆಯನ್ನೂ ಉಳಿಸಿಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಮಗಳು ಬಸುರಿಯಾದಳು. ಅವಳೂ ಅಳಿಯನೂ ಇರುವುದು ವೆಲ್ಲಿಂಗ್ಟನ್ನಿನಲ್ಲಿ, ಗುಡ್ಡದ ನೆತ್ತಿಯ ಮೇಲೆ. ಖುಷಿಪಡಲು ಪುರುಸೊತ್ತೇ ಸಿಗಲಿಲ್ಲ, ವಾಂತಿ ಹಿಡಿದುಕೊಂಡಿತು. ನೀರು ಕುಡಿದರೂ ನಿಲ್ಲದು. ಒಮ್ಮೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬಂದಳು. ಇಲ್ಲಿಯೇ ಹುಟ್ಟಿ ಬೆಳೆದ ಬಿಳಿ ಹುಡುಗ ನನ್ನ ಅಳಿಯ. ಹವಾಮಾನ ಬಿಟ್ಟು ಬೇರೆ ಮಾತಾಡದವನು. ಅವನೇ ಫೋನು ಮಾಡಿ ಅವಳ ತೂಕ ಇಳಿಯುತ್ತಿದೆ ಎಂದ. ಹೆಂಡತಿ ಫೋನಿನಲ್ಲಿ ನರ್ಸಿನ ಧಾಟಿಯಲ್ಲೇ ಎಲ್ಲ ವಿಚಾರಿಸಿ, ಕೊನೆಗೆ ತಾಯಿಯ ಧಾಟಿಗೆ ಇಳಿದಳು.

"ಏನಾದ್ರೂ ತಿನ್ಬೇಕು ಅನ್ಸುತ್ತಾ ಮಗಳೇ? ಏನ್ ಬಯಕೆ ಇದ್ರೂ ಹೇಳು. ಹುಳಿಯನ್ನ? ಕೋಡುಬಳೆ?"

"ನೋ ಅಮ್ಮ. ಆ ನೂಡಲ್ಸ್. ಅಪ್ಪ ಯಾವಾಗ್ಲೂ ಹೇಳ್ತಾನಲ್ಲ, ಪೆನಾಂಗ್‌ದು. ದಟ್ ಒನ್. ಐ ಡೋಂಟ್ ನೋ ವೈ."

ಸ್ಪೀಕರಿನಲ್ಲಿ ಅದನ್ನು ಕೇಳಿದ ನನ್ನ ಸ್ಥಿತಿ ಏನೆಂದು ಹೇಳಲಿ. ಮಗಳು ಅಲ್ಲಿ ನಿತ್ರಾಣಳಾಗಿ ಮಲಗಿದ್ದಾಳೆ, ಇಲ್ಲಿ ಅಪ್ಪನಿಗೆ ಪ್ರಶಸ್ತಿ ಬಂದಷ್ಟು ಸಂತೋಷ. "ನೋಡಿದ್ಯಾ? ರಕ್ತದಲ್ಲಿದೆ ಅದು!" ಎಂದು ಕೂಗಿದೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನನ್ನಜ್ಜಿ ಹೇಳುತ್ತಿದ್ದಳು. ನಾನು ಎಂಜಿನಿಯರ್, ಇಂಥದ್ದನ್ನು ನಂಬುವವನಲ್ಲ. ಆದರೂ ಫೋನಿಟ್ಟ ಕೂಡಲೇ ಕಾರಿನ ಕೀಲಿ ಹುಡುಕಿದೆ.

ಬಂಗುಡೆ ಡಬ್ಬಿಯಲ್ಲಿ ಸಿಕ್ಕಿತು. ಸೀಗಡಿ ಪಾಕ ಏಷ್ಯನ್ ಅಂಗಡಿಯಲ್ಲಿ ಸಿಕ್ಕಿತು. ಮನೆಯೊಳಗೆ ಮಾಡಿದರೆ ಪರದೆಗಳನ್ನೆಲ್ಲ ಒಗೆಯಬೇಕಾದೀತು ಎಂದು ಹೆಂಡತಿ ನನ್ನನ್ನು ಒಲೆ ಸಮೇತ ಗರಾಜಿಗೆ ಅಟ್ಟಿದಳು. ಸಾರು ಕುದಿಯುವಾಗ ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ಇಣುಕಿ, ಚರಂಡಿ ಕಟ್ಟಿಕೊಂಡಿದೆಯೇ, ಪ್ಲಂಬರ್ ನಂಬರು ಬೇಕೇ ಎಂದು ಕಳಕಳಿಯಿಂದ ಕೇಳಿದ. ನಾನು ಅವನ ಅಜ್ಞಾನಕ್ಕೆ ಮರುಗಿದೆ.

ಹೆಂಡತಿಗೆ ಡ್ಯೂಟಿ ಇತ್ತು. ನಾನೊಬ್ಬನೇ ಪಾತ್ರೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ ಹೊರಟೆ. ವೆಲ್ಲಿಂಗ್ಟನ್ ತಲುಪುವವರೆಗೂ ಪಾತ್ರೆ ಸಂಭಾವಿತವಾಗಿತ್ತು. ಮಗಳ ಮನೆಯ ಗುಡ್ಡದ ಕೊನೆಯ ತಿರುವಿನಲ್ಲಿ ಮುಚ್ಚಳ ಹಾರಿ, ಕಾಲು ಭಾಗ ಸಾರು ಗೇರಿನ ಮೇಲೆ ಚೆಲ್ಲಿತು. ಆ ಕಾರಿನಲ್ಲಿ ಇವತ್ತಿಗೂ ಯಾರೂ ನನ್ನ ಜೊತೆ ಬರುವುದಿಲ್ಲ. ಮಗಳು ಬಾಗಿಲು ತೆರೆದಳು. ಮುಖ ಬಾಡಿ, ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ನಾನು ಹೆಮ್ಮೆಯಿಂದ ಮುಚ್ಚಳ ತೆಗೆದೆ. ಅವಳು ಬಾಯಿಗೆ ಕೈ ಹಿಡಿದುಕೊಂಡು ಬಚ್ಚಲಿಗೆ ಓಡಿದಳು. ಅಳಿಯ ಮನೆಯ ಕಿಟಕಿಗಳನ್ನೆಲ್ಲ ತೆರೆದ, ಗಾಳಿ ನುಗ್ಗಿ ಮೇಜಿನ ಮೇಲಿದ್ದದ್ದನ್ನೆಲ್ಲ ಕೆಳಗೆ ಕೆಡವಿತು. ಬಚ್ಚಲಿನ ಬಾಗಿಲಾಚೆಯಿಂದ ಮಗಳು "ಸಾರಿ ಅಪ್ಪ, ಸಾರಿ" ಎಂದು ಅಳುತ್ತಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಇವಳು ಏನು ತಿಂದು ಉಳಿಯುತ್ತಾಳೆ?

ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ವಾಪಸು ಬರುವ ದಾರಿಯುದ್ದಕ್ಕೂ ತಪ್ಪು ಎಲ್ಲಾಗಿದೆ ಎಂದು ಯೋಚಿಸಿ, ಹೂವಿನಲ್ಲಾಗಿದೆ ಎಂದು ಕಂಡುಹಿಡಿದೆ. ಪೆನಾಂಗಿನವರು ಲಕ್ಸಾಕ್ಕೆ ಶುಂಠಿ ಜಾತಿಯ ಒಂದು ಗುಲಾಬಿ ಬಣ್ಣದ ಮೊಗ್ಗು ಹೆಚ್ಚಿ ಹಾಕುತ್ತಾರೆ. ಅದಿಲ್ಲದೆ ಮಗಳ ನಾಲಿಗೆ ಒಪ್ಪಲಿಲ್ಲ. ಎಂಥ ನಾಲಿಗೆ! ಆಕ್ಲೆಂಡಿನ ಗೆಳೆಯನೊಬ್ಬನನ್ನು ಕಾಡಿ ಬೇಡಿ, ಮಂಜುಗಡ್ಡೆಯಂತಾದ ನಾಲ್ಕಾರು ಮೊಗ್ಗು ತರಿಸಿದೆ. ಸೀಗಡಿ ಪಾಕವನ್ನೂ ಹೆಚ್ಚಿಸಿದೆ. ಮುಂದಿನ ಶನಿವಾರ ಹೆಂಡತಿಯೂ ಬಂದಳು, ಸೆರಗಿಲ್ಲದ್ದರಿಂದ ಮೂಗಿಗೆ ಸ್ಕಾರ್ಫ್ ಒತ್ತಿಕೊಂಡು.

ಈ ಸಲ ಅಳಿಯನೇ ಪಾತ್ರೆಯನ್ನು ಬಾಗಿಲಲ್ಲಿ ಇಸಿದುಕೊಂಡು ಹೊರಗಿನ ಕಟ್ಟೆಯ ಮೇಲಿಟ್ಟ. ಬೇಯಿಸಿದ ಶಾವಿಗೆ ಬೇರೆ ಡಬ್ಬಿಯಲ್ಲಿತ್ತು. ಮಗಳು ಸೋಫಾದಲ್ಲಿ ಮುದುಡಿಕೊಂಡಿದ್ದಳು. ನಾನು ಹೊರಗೆ ಹೋಗಿ ಒಂದು ಬಟ್ಟಲು ಲಕ್ಸಾ ಸಿದ್ಧಮಾಡಿ ಬಾಗಿಲವರೆಗೆ ತಂದೆ. ಅವಳು ತಲೆಯಾಡಿಸಿ ದಿಂಬಿಗೆ ಮುಖ ಒತ್ತಿಕೊಂಡಳು.

"ಒಂದೇ ಒಂದು ತುತ್ತು ಕಂದ," ಎಂದೆ. "ನಾಲ್ಕು ವರ್ಷಕ್ಕೇ ಬಟ್ಟಲು ತುಂಬ ತಿಂದೋಳು ನೀನು!"

ಹೆಂಡತಿಗೆ ಅಷ್ಟು ವರ್ಷದ ಸಿಟ್ಟು ಅಲ್ಲಿಯೇ ಬಂತು.

"ಏನ್ರೀ ಅದು ಬಟ್ಟಲು ತುಂಬ ಬಟ್ಟಲು ತುಂಬ ಅಂತ! ಯಾವ್ ಕಾಲ್ದಲ್ಲಿ ತಿಂದಿದ್ಲು ಅವ್ಳು? ಒಂದೊಂದ್ ಎಳೆನೂ ಬಿಸಿನೀರಲ್ಲಿ ಅದ್ದಿ ಅದ್ದಿ ತೊಳ್ದು ತಿನ್ನಿಸ್ತಿದ್ರಲ್ಲ ನೀವು! ಖಾರ ಹೋಯ್ತಾ ಅಂತ ಮೊದ್ಲು ನೀವು ನೆಕ್ಕಿ ನೋಡ್ತಿದ್ರಿ. ಆ ಆಂಟಿ ತಲೆ ತಲೆ ಚಚ್ಕೊಳೋಳು. ಅದಕ್ಕೇ ಅಲ್ವಾ ಬಟ್ಟಲಲ್ಲಿ ನೀರು ತಂದಿಡ್ತಿದ್ದಿದ್ದು?"

ನಾನು ಕೈಯಲ್ಲಿ ಬಟ್ಟಲು ಹಿಡಿದು ನಿಂತುಬಿಟ್ಟೆ. ಮರದ ಕೆಳಗಿನ ಪುಟ್ಟ ಪ್ಲಾಸ್ಟಿಕ್ ಸ್ಟೂಲು, ತೊಡೆಯ ಮೇಲೆ ಮಗು, ಬೆರಳ ತುದಿಯಲ್ಲಿ ನೀರು ತೊಟ್ಟಿಕ್ಕುವ ಬಿಳಿ ಎಳೆ, "ಆ" ಎಂದು ತೆರೆದ ಬಾಯಿ. ಇಷ್ಟು ವರ್ಷ ಬಟ್ಟಲು ನೆನಪಿತ್ತು, ಅದು ಏಕಿತ್ತು ಎನ್ನುವುದನ್ನು ಮಾತ್ರ ನನ್ನ ಬಡಾಯಿ ನುಂಗಿ ನೀರು ಕುಡಿದಿತ್ತು. ಪೆನಾಂಗಿನ ಇಡೀ ಇತಿಹಾಸದಲ್ಲಿ ಲಕ್ಸಾಕ್ಕೆ ಆದ ಅತಿದೊಡ್ಡ ಅವಮಾನ ನನ್ನ ಕೈಯಿಂದಲೇ ಆಗಿತ್ತು, ಅದೂ ವಾರಕ್ಕೆರಡು ಸಲ.

ದಿಂಬಿನೊಳಗಿಂದ ಮಗಳ ದನಿ ಬಂತು. "ಯೂ ಯೂಸ್ಡ್ ಟು ಬ್ಲೋ ಆನ್ ಇಟ್ ಅಪ್ಪ. ಊದಿ ಕೊಡ್ತಿದ್ದೆ."

ನಾನು ಅಡುಗೆಮನೆಗೆ ಹೋಗಿ ನೀರು ಬೆಚ್ಚಗೆ ಮಾಡಿ ಬಟ್ಟಲಿಗೆ ಹಾಕಿಕೊಂಡೆ. ಹೊರಗಿನ ಕಟ್ಟೆಯ ಮೇಲೆ, ಆ ಗಾಳಿಯಲ್ಲಿ ಕುಳಿತು ಸಾರಿನಿಂದ ಒಂದು ಎಳೆ ಎತ್ತಿದೆ. ಅದ್ದಿದೆ, ಮತ್ತೆ ಅದ್ದಿದೆ, ನೆಕ್ಕಿ ನೋಡಿದೆ. ಖಾರವಿಲ್ಲ, ವಾಸನೆಯಿಲ್ಲ, ಎಲ್ಲೋ ದೂರದಲ್ಲಿ ಹುಣಸೆಹುಳಿ ಇದ್ದ ಹಾಗಿತ್ತು, ಅಷ್ಟೆ. ಹೀಗೆ ತೊಳೆದ ಒಂದು ಹಿಡಿಯನ್ನು ಚಿಕ್ಕ ತಟ್ಟೆಗೆ ಹಾಕಿ ಒಳಗೆ ಒಯ್ದು, ಊದಿ, ಮಗಳ ಬಾಯಿಗೆ ಇಟ್ಟೆ. ಅವಳು ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ನಾವು ಮೂವರೂ ಅವಳ ಗಂಟಲನ್ನೇ ನೋಡುತ್ತಾ ನಿಂತಿದ್ದೆವು. ಇಳಿಯಿತು. ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಬಾಯಿ ತೆರೆದಳು. ಹೆಂಡತಿ ಸ್ಕಾರ್ಫಿನಿಂದ ಕಣ್ಣು ಒರೆಸಿಕೊಂಡಳು. ನನಗೂ ಅಳು ಬಂತು, ಆದರೆ ಒರೆಸಿಕೊಳ್ಳಲು ಎರಡೂ ಕೈಗೆ ಸಾರು ಮೆತ್ತಿತ್ತು.

ಆ ಮಧ್ಯಾಹ್ನ ನಾನು ಹೊರಗೂ ಒಳಗೂ ಓಡಾಡುತ್ತಾ ಶಾವಿಗೆ ತೊಳೆದೆ. ಆಕ್ಲೆಂಡಿನಿಂದ ಬಂದ ಮೊಗ್ಗು, ಗರಾಜಿನಲ್ಲಿ ಕುದಿಸಿದ ಬಂಗುಡೆ, ಎರಡು ದಿನದ ನನ್ನ ಶ್ರಮ ಎಲ್ಲ ಬಟ್ಟಲಿನ ನೀರಿನಲ್ಲಿ ಕರಗಿ ಗಿಡಗಳ ಬುಡಕ್ಕೆ ಹೋಯಿತು. ಅಳಿಯ ನೀರು ಬದಲಾಯಿಸಿ ಬದಲಾಯಿಸಿ ತಂದುಕೊಟ್ಟ. ಇದೇ ನಿಮ್ಮ ಸಾಂಪ್ರದಾಯಿಕ ವಿಧಾನವೇ ಎಂದು ವಿನಯದಿಂದ ಕೇಳಿದ. ಹೌದು ಎಂದೆ.

ಸಂಜೆಯ ಹೊತ್ತಿಗೆ ಮಗಳು ಎದ್ದು ಕುಳಿತಿದ್ದಳು. ತಟ್ಟೆ ಹಿಡಿದು ಬಂದ ನನ್ನನ್ನು ನೋಡಿ ಹೇಳಿದಳು:

"ಅಪ್ಪ, ನೆಕ್ಸ್ಟ್ ಒನ್ ಅಷ್ಟೊಂದು ತೊಳೀಬೇಡ."

ನಾನು ಒಂದೇ ಸಲ ಅದ್ದಿ ತಂದೆ.