ಕರಟದ ಎಣ್ಣೆ

ಕರಟದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಮೊದಲು ನನ್ನ ಮೇಲೆ, ಆಮೇಲೆ ಮನೆಯವರೆಲ್ಲರ ಮೇಲೆ.

ಮಗಳು ಆಗ ಐದನೇ ಕ್ಲಾಸು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆಂದು ಅವಳನ್ನು ತಿಪಟೂರಿನ ಕೋಚಿಂಗ್‌ಗೆ ಸೇರಿಸಿದವಳು ನಾನೇ. ಶಾಲೆಯಿಂದ ನಾಲ್ಕಕ್ಕೆ ಬಂದವಳು ಐದಕ್ಕೆ ಕಿಬ್ಬನಹಳ್ಳಿ ಕಡೆಯಿಂದ ಬರುವ ವ್ಯಾನ್ ಹತ್ತಬೇಕು; ವಾಪಸ್ ಮನೆ ಸೇರುವಾಗ ಎಂಟೂವರೆ. ಭಾನುವಾರ ಟೆಸ್ಟು. ಅಂಕಗಳು ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಬೀಳುತ್ತಿದ್ದವು, ಕೊನೆಯ ಐದು ಹೆಸರು ಕೆಂಪಕ್ಷರದಲ್ಲಿ. ನನ್ನ ಮಗಳ ಹೆಸರು ಕೆಂಪಾದ ವಾರವೆಲ್ಲ ನಾನು ಅವಳ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ; ಅದನ್ನೇ ದೊಡ್ಡತನ ಎಂದುಕೊಂಡಿದ್ದೆ.

ಒಂದು ದಿನ ಜಡೆ ಹಾಕುವಾಗ ನೋಡಿದರೆ ಬಲಗಿವಿಯ ಮೇಲ್ಗಡೆ ರೂಪಾಯಿಯಗಲ ಕೂದಲೇ ಇಲ್ಲ. ಅತ್ತೆ ಅವಳ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿ ತೀರ್ಪು ಕೊಟ್ಟರು.

"ಹುಳ ತಿಂದೈತೆ ಕಣವ್ವ. ಕರಟದ ಎಣ್ಣೆ ಬಿದ್ರೆ ತಿಂಗ್ಳೊಪ್ಪತ್ತಿನಾಗೆ ಕೂದ್ಲು ಬತ್ತದೆ."

ಕೊಬ್ಬರಿ ಮಾಡುವ ಮನೆಯಲ್ಲಿ ಕರಟಕ್ಕೇನು ಬರ? ಹಿತ್ತಲಲ್ಲಿ ಗುಡ್ಡೆ ಬಿದ್ದಿರುತ್ತದೆ. ಅತ್ತೆ ಚೂರುಗಳನ್ನು ಮಡಕೆಗೆ ತುಂಬಿ ಸುಟ್ಟು, ಇಳಿದ ಕಪ್ಪು ಎಣ್ಣೆಯನ್ನು ಬಟ್ಟಲಲ್ಲಿ ಹಿಡಿದರು. ಹುಳುಕಡ್ಡಿಗೆ, ಕಜ್ಜಿಗೆ ನಮ್ಮ ಕಡೆ ಇದೇ ಮದ್ದು. ಚರ್ಮಕ್ಕೆ ತಾಗಿದರೆ ಕೆಂಡ ಇಟ್ಟ ಹಾಗೆ ಉರಿ. ವಾರಕ್ಕೆರಡು ಸಲ, ಶಾಲೆಯಿಂದ ಬಂದ ತಕ್ಷಣ, ಹಳೇ ಟವೆಲ್ ಹೊದಿಸಿ ಕೂರಿಸುತ್ತಿದ್ದೆವು. ಅತ್ತೆ ಹಚ್ಚುವಾಗ ಮಗಳ ಎರಡೂ ಕೈ ಹಿಡಿದುಕೊಳ್ಳುತ್ತಿದ್ದವಳು ನಾನು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. "ಗಟ್ಟಿಗಿತ್ತಿ ಕಣೇ ನೀನು," ಎಂದು ಅತ್ತೆ ಹೊಗಳುತ್ತಿದ್ದರು. ಆ ಸುಟ್ಟ ವಾಸನೆಗೆ ಬೇರೆ ಮಕ್ಕಳು ಮೂಗು ಮುಚ್ಚುತ್ತಾರೆಂದು ಕೋಚಿಂಗ್‌ನವರು ದೂರಿದ್ದರಿಂದ ಎಣ್ಣೆ ಹಚ್ಚಿದ ಸಂಜೆ ಅವಳನ್ನು ಕಳಿಸುತ್ತಿರಲಿಲ್ಲ. ಎರಡು ಕ್ಲಾಸು ಹೋಯಿತಲ್ಲ ಎಂದು ನಾನು ಸಂಕಟಪಡುತ್ತಿದ್ದೆ.

ಎಷ್ಟು ಎಣ್ಣೆ ಬಿದ್ದರೂ ಬೋಳು ಅಗಲವಾಗುತ್ತಲೇ ಹೋಯಿತು.

ಕೆಂಪಕ್ಷರದ ಇನ್ನೊಂದು ಭಾನುವಾರ, ಉತ್ತರಪತ್ರಿಕೆ ಬಚ್ಚಿಟ್ಟಿದ್ದಾಳೆಂದು ಅವಳ ಬ್ಯಾಗ್ ಜಾಲಾಡಿದೆ. ಗಣಿತದ ಗೈಡಿನಲ್ಲಿ, ಭಿನ್ನರಾಶಿಯ ಪುಟಗಳ ನಡುವೆ, ಕೂದಲು. ಉದುರಿದ್ದಲ್ಲ, ಬುಡಸಮೇತ ಕಿತ್ತಿದ್ದು. ಯಾವ ಪುಟ ತಿರುವಿದರೂ ನಾಲ್ಕೈದು ಎಳೆ.

"ಲೆಕ್ಕ ಬರ್ದೇ ಇದ್ದಾಗ ಕೈ ತಾನೇ ಹೋಗ್ತದಮ್ಮ," ಎಂದಳು.

"ಮತ್ತೆ ಹುಳ ಅಲ್ಲ ಅಂತ ಯಾಕೆ ಹೇಳ್ಲಿಲ್ಲ? ಅಷ್ಟು ಉರೀತಿತ್ತಲ್ಲೇ!"

"ಎಣ್ಣೆ ಹಚ್ಚಿದ್ ದಿನ ಕೋಚಿಂಗ್ ಇರಲ್ವಲ್ಲ."

ಅವತ್ತು ನಮ್ಮ ಮನೆ ರಣರಂಗವಾಯಿತು. "ಇನ್ನೆರಡೇ ತಿಂಗ್ಳು ಕಣೇ, ಪರೀಕ್ಷೆ ಒಂದು ಮುಗ್ದೋಗ್ಲಿ ಬುಡು," ಎಂದರು ನಮ್ಮೆಜಮಾನರು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗ್ಲಿ ಅಂತ ವರ್ಷಗಟ್ಲೆ ಸುಮ್ನಿರ್ತೀರಿ. ಅಲ್ಲಾಡಿಸ್ದಾಗ ಒಳಗೆ ಕೊಬ್ಬರಿ ಸದ್ದು ಬರ್ದಿದ್ರೆ, ಇನ್ನೂ ಒಣಗ್ಲಿ ಬುಡು ಅಂತ ಮತ್ತೆ ಅಲ್ಲೇ ಇಡ್ತೀರಿ. ಇವಳಿಗೆ ಮಾತ್ರ ಅವಸರಾನಾ ರೀ?"

ಕೂಗಿದ್ದೇನೋ ಅವರ ಮೇಲೆ. ಕೋಚಿಂಗ್‌ಗೆ ಸೇರಿಸಿದ್ದು ಯಾರೆಂಬುದು ಇಬ್ಬರಿಗೂ ಗೊತ್ತಿತ್ತು. "ಉರಿಯೋ ಎಣ್ಣೇನ ನನ್ ಕೈಯಾರೆ ಹಚ್ಚಿದ್ನಲ್ಲವ್ವ," ಎಂದು ಅತ್ತೆ ಮೂಲೆಯಲ್ಲಿ ಕೂತು ಅತ್ತರು. ಅವರನ್ನು ಸಮಾಧಾನ ಮಾಡುವ ಮನಸ್ಸೂ ನನಗೆ ಬರಲಿಲ್ಲ.

ಅಂದೇ ಕೋಚಿಂಗ್ ಬಿಡಿಸಿದೆ. ವಾಟ್ಸಾಪ್ ಗುಂಪಿನಿಂದ ಹೊರಬಂದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನು ನೀನು ಅಲ್ಲಿಗೆ ಹೋಗಬೇಕಾಗಿಲ್ಲ ಎಂದು ಹತ್ತು ಸಲ ಹೇಳಿದೆ. ತಲೆಯಾಡಿಸಿದಳು.

ಮಾರನೇ ದಿನ ಸೋಮವಾರ ಸಂಜೆ ಐದಕ್ಕೆ, ಊರಿನ ಬೇರೆ ಮಕ್ಕಳನ್ನು ಹತ್ತಿಸಿಕೊಳ್ಳಲು ಬಂದ ವ್ಯಾನ್ ರಸ್ತೆಯಲ್ಲಿ ಹಾರ್ನ್ ಹೊಡೆಯಿತು. ಮಗಳು ಒಳಗಿನಿಂದ ಓಡಿಬಂದಳು. ಹೆಗಲ ಮೇಲೆ ಹಳೇ ಟವೆಲ್, ಕೈಯಲ್ಲಿ ಎಣ್ಣೆಯ ಬಟ್ಟಲು. ಅಜ್ಜಿಯ ಮುಂದೆ ಕೂತು, ಹಿಡಿದುಕೋ ಎಂದು ಎರಡೂ ಕೈಗಳನ್ನು ತಾನೇ ನನ್ನ ಕಡೆ ಚಾಚಿದಳು.